ಹೊಳೆ ಅಗಲವಾಗಲಿ ಎಂದು ಬೇಡದ ಅಂಬಿಗ

ಹಲ್ಲಿನ ಇಂಪ್ಲಾಂಟ್ ಮಾರುವ ಕಂಪನಿಯ ಹುಡುಗನೊಬ್ಬ ರಾಣೆಬೆನ್ನೂರಿನ ನನ್ನ ದಂತ ಕ್ಲಿನಿಕ್ಕಿಗೆ ಬಂದು, ಲ್ಯಾಪ್‌ಟಾಪ್ ತೆರೆದು ಮೇಲೇರುವ ಒಂದು ಗೆರೆಯನ್ನು ತೋರಿಸಿದ. ನಮ್ಮಂಥ ಜಿಲ್ಲೆಗಳಲ್ಲಿ ಹಲ್ಲಿನ ಚಿಕಿತ್ಸೆಯ ಮಾರುಕಟ್ಟೆ ಮುಂದಿನ ವರ್ಷಗಳಲ್ಲಿ ಹೇಗೆ ಬೆಳೆಯುತ್ತದೆ ಎಂಬುದರ ಲೆಕ್ಕ ಅದು. ಯಾಕೆ ಬೆಳೆಯುತ್ತದೆ ಎಂದು ಕೇಳಿದೆ. ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿವೆ, ಆಯುಸ್ಸು ಹೆಚ್ಚಿದೆ, ಸಕ್ಕರೆ ತಿನ್ನುವುದು ಹೆಚ್ಚಿದೆ, ತಂಬಾಕು ಬಿಟ್ಟಿಲ್ಲ, ನಗು ಚೆಂದ ಕಾಣಬೇಕೆಂಬ ಆಸೆ ಹಳ್ಳಿಗೂ ಬಂದಿದೆ ಎಂದ. ಹಾವೇರಿ ಕಡೆಯ ಹುಡುಗ, ವಿನಯದವನು, ತನ್ನ ಕೆಲಸವನ್ನು ಚೆನ್ನಾಗಿ ತಿಳಿದವನು. ಅವನು ಎದ್ದು ಹೋದ ಮೇಲೂ ಆ ಪಟ್ಟಿ ನನ್ನ ತಲೆಯಲ್ಲಿ ಕೂತಿತು. ಅದರಲ್ಲಿ ಅರ್ಧ ಕಾರಣ ಜನ ಮೇಲೆ ಬರುತ್ತಿರುವುದರ ಗುರುತು, ಇನ್ನರ್ಧ ಜನ ಕೆಡುತ್ತಿರುವುದರ ಗುರುತು. ಎರಡನ್ನೂ ಒಂದೇ ಗೆರೆಯಲ್ಲಿ ಕೂಡಿಸಿ ಬೆಳವಣಿಗೆ ಎಂದು ಹೆಸರಿಟ್ಟಿದ್ದರು.

ನನಗೆ ಇದು ಲೆಕ್ಕದ ಮಾತಾಗಿ ಉಳಿಯಲಿಲ್ಲ, ಧರ್ಮದ ಮಾತಾಯಿತು. ನೋವು ಇನ್ನೊಬ್ಬರದು, ಅದರಿಂದ ಹುಟ್ಟುವ ಅನ್ನ ನನ್ನದು. ಆ ಅನ್ನ ಯಾವಾಗ ಶುದ್ಧ, ಯಾವಾಗ ಅಶುದ್ಧ? ಇಷ್ಟಲಿಂಗ ಕಟ್ಟಿಕೊಂಡ ಮನೆಯಲ್ಲಿ ಬೆಳೆದವಳು ನಾನು. ಉಣ್ಣುವ ಮುಂಚೆ ಈ ತುತ್ತು ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕು ಎಂಬುದನ್ನು ನಮ್ಮ ಮನೆಯಲ್ಲಿ ಪಾಠ ಮಾಡಿ ಕಲಿಸಲಿಲ್ಲ, ನಮ್ಮ ಅಜ್ಜಿ ಬದುಕಿದ ರೀತಿಯಲ್ಲೇ ಅದು ಇತ್ತು.

ನಮ್ಮ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಗೆ, ಚೌಡಯ್ಯದಾನಪುರ ಇದೆ. ಹನ್ನೆರಡನೇ ಶತಮಾನದ ಶರಣ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರು. ಹೆಚ್ಚಿನವರು ಅಲ್ಲಿಗೆ ಮುಕ್ತೇಶ್ವರ ಗುಡಿಯ ಕೆತ್ತನೆ ನೋಡಲು ಹೋಗುತ್ತಾರೆ. ನಾನು ಹೋದಾಗ ಹೊಳೆಯ ಕಡೆ ಮುಖ ಮಾಡಿ ಕೂತುಕೊಳ್ಳುತ್ತೇನೆ. ಚೌಡಯ್ಯ ದೋಣಿ ನಡೆಸುವ ಕಾಯಕದವನು, ಸೋಗಿನ ಭಕ್ತಿಯನ್ನು ಕಂಡರೆ ಮುಖಕ್ಕೆ ಹೊಡೆದ ಹಾಗೆ ಮಾತಾಡಿದವನು. ಶರಣರು ದುಡಿದು ಪಡೆಯುವುದನ್ನು ತಪ್ಪೆನ್ನಲಿಲ್ಲ, ದುಡಿಯದೆ ಉಣ್ಣುವುದನ್ನು ತಪ್ಪೆಂದರು. ಆದ್ದರಿಂದ ವೈದ್ಯರು ಹಣ ಮುಟ್ಟಬಾರದು, ಸೇವೆಯೆಂದರೆ ಪುಕ್ಕಟೆ ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಅಂಬಿಗ ಆಚೆ ದಡಕ್ಕೆ ಮುಟ್ಟಿಸಿ ಕೂಲಿ ಕೇಳಿದರೆ ಅದು ನ್ಯಾಯ. ಆದರೆ ಹೊಳೆ ಇನ್ನಷ್ಟು ಅಗಲವಾಗಲಿ ಎಂದು ಅವನು ದೇವರಲ್ಲಿ ಬೇಡಿಕೊಂಡರೆ? ಸೇತುವೆ ಕಟ್ಟಲು ಬಂದವರಿಗೆ ಅಡ್ಡ ನಿಂತರೆ? ದೋಣಿ ಅದೇ, ಹುಟ್ಟು ಅದೇ, ಕೂಲಿಯೂ ಅದೇ. ಕಾಯಕ ಮಾತ್ರ ಅಲ್ಲಿಗೆ ಕೆಟ್ಟಿತು. ವೈದ್ಯರ ಧರ್ಮವನ್ನು ಅವರು ತೆಗೆದುಕೊಳ್ಳುವ ಹಣದಲ್ಲಿ ಅಳೆಯುವುದಕ್ಕಿಂತ ಅವರ ಹಾರೈಕೆಯಲ್ಲಿ ಅಳೆಯಬೇಕು ಎಂದು ನಾನು ನಂಬಿದ್ದೇನೆ. ಅವರು ಏನು ಹೆಚ್ಚಲಿ ಎಂದು ಬಯಸುತ್ತಾರೆ, ಏನು ಕಡಿಮೆಯಾಗಲಿ ಎಂದು ಬಯಸುತ್ತಾರೆ ಎಂಬುದರಲ್ಲಿ.

ಮಾರುಕಟ್ಟೆಯನ್ನು ಬೈಯುವುದು ಸುಲಭ, ಆದರೆ ಅದಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿಯೇ ಮುಂದೆ ಹೋಗಬೇಕು. ನಾನು ಸಣ್ಣವಳಿದ್ದಾಗ ಹಲ್ಲು ನೋವೆಂದರೆ ಮೊದಲು ಲವಂಗ, ಆಮೇಲೆ ತಂಬಾಕಿನ ಎಸಳು, ಆಮೇಲೆ ಸಂತೆಯಲ್ಲಿ ಚಾಪೆ ಹಾಸಿ ಹಲ್ಲು ಕೀಳುವವನು. 'ಹಲ್ಲಿಗೆ ಹುಳ ಹತ್ತೈತಿ' ಎಂದು ಹೊಗೆ ಹಾಕಿ, ಕಿವಿಯಿಂದ ಹುಳ ಬಿದ್ದಂತೆ ತೋರಿಸುವವರೂ ಇದ್ದರು. ದಂತ ವೈದ್ಯರ ವೃತ್ತಿಗೆ 1948ರಲ್ಲೇ ಕಾನೂನು ಬಂದಿದ್ದರೂ ಕಾನೂನು ಒಪ್ಪುವ ಡಾಕ್ಟರು ನಮ್ಮ ಸಂತೆಯವರೆಗೆ ಬಂದಿರಲಿಲ್ಲ. ದುಡ್ಡಿದ್ದವರು ಬಸ್ ಹತ್ತಿ ದಾವಣಗೆರೆಗೋ ಹುಬ್ಬಳ್ಳಿಗೋ ಹೋಗುತ್ತಿದ್ದರು. 1979ರಲ್ಲಿ ದಾವಣಗೆರೆಯಲ್ಲಿ ಬಾಪೂಜಿ ದಂತ ಕಾಲೇಜು, 1986ರಲ್ಲಿ ಧಾರವಾಡದಲ್ಲಿ ಎಸ್‌ಡಿಎಂ ದಂತ ಕಾಲೇಜು ಶುರುವಾದವು. ಅಲ್ಲಿ ಕಲಿತ ನಮ್ಮಂಥವರು ಸಾಲ ಮಾಡಿ ಕುರ್ಚಿ, ಕಂಪ್ರೆಸರ್, ಎಕ್ಸ್-ರೇ, ಉಪಕರಣಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಆಟೋಕ್ಲೇವ್ ತಂದು ತಾಲ್ಲೂಕಿನ ಊರುಗಳಲ್ಲಿ ಬೋರ್ಡು ಹಾಕಿದೆವು. ಯಾವ ಸರ್ಕಾರವೂ ನಮ್ಮನ್ನು ಕಳಿಸಲಿಲ್ಲ. ಇಲ್ಲಿ ಬದುಕು ನಡೆಯುತ್ತದೆ ಎಂಬ ಲೆಕ್ಕ ಕಳಿಸಿತು. ಇವತ್ತು ಬ್ಯಾಡಗಿಯಲ್ಲಿ ಹಲ್ಲು ನೋವಾದ ಹೆಂಗಸಿಗೆ ಊರಲ್ಲೇ ಓದಿದ ಡಾಕ್ಟರು ಸಿಗುತ್ತಾರಲ್ಲ, ಅದು ಮಾರುಕಟ್ಟೆ ಮಾಡಿದ ಉಪಕಾರ.

ಆ ಉಪಕಾರ ಎಲ್ಲಿ ನಿಲ್ಲುತ್ತದೆ ಎಂಬುದೂ ಕುರ್ಚಿಯ ಪಕ್ಕದಲ್ಲೇ ಕಾಣುತ್ತದೆ. ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲಗಳಿವೆ. ಹೂವಿಗೆ ಹೂವು ಮುಟ್ಟಿಸುವ ಕ್ರಾಸಿಂಗ್ ಕೆಲಸ ಹೆಂಗಸರದು. ದಿನದ ಕೂಲಿ 300, 400 ರೂಪಾಯಿ. ಹಲ್ಲು ಕೀಳಲು ನಾನು ತೆಗೆದುಕೊಳ್ಳುವುದು ಅವರ ಒಂದು ದಿನದ ಕೂಲಿ. ನರ ತೆಗೆದು, ಹಲ್ಲು ಉಳಿಸಿ, ಮೇಲೆ ಕ್ಯಾಪ್ ಹಾಕಿದರೆ 5,000 ದಾಟುತ್ತದೆ, ಅಂದರೆ ಅವರ ಅರ್ಧ ತಿಂಗಳು. ಮೂರು ನಾಲ್ಕು ಸಲ ಬರಬೇಕು, ಬಂದ ದಿನದ ಕೂಲಿಯೂ ಹೋಯಿತು. 'ಕಿತ್ತ ಒಗೀರಿ ಡಾಕ್ಟ್ರ, ಅದನ್ನ ಇಟ್ಕೊಂಡು ಏನ್ ಮಾಡೂದೈತಿ' ಎನ್ನುತ್ತಾರೆ. ಮೂವತ್ತೈದರ ಹೆಣ್ಣುಮಗಳು, ಗಟ್ಟಿಯಾಗಿ ನಿಲ್ಲಬಲ್ಲ ದವಡೆ ಹಲ್ಲು. ವಿಮೆ ಇದೆಯಲ್ಲ ಎಂದು ಪಟ್ಟಣದವರು ಕೇಳುತ್ತಾರೆ. ಬಡವರ ಕೈಯಲ್ಲಿರುವ ಆರೋಗ್ಯ ಕಾರ್ಡು ಆಸ್ಪತ್ರೆ ಸೇರಿ ಮಲಗುವವರಿಗೆ ಆಗಿಬರುತ್ತದೆ. ಹಲ್ಲಿನ ರೋಗಿ ಮಲಗುವುದಿಲ್ಲ. ಕೂತು ನೋವು ತಿಂದು ಎದ್ದು ಹೋಗುತ್ತಾನೆ, ಖರ್ಚು ಜೇಬಿನದೇ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನ ಬಾಯಿಯ ಕಾಯಿಲೆಯವರು, ನಾಲ್ವರಲ್ಲಿ ಮೂವರು ನಮ್ಮಂಥ ಮಧ್ಯಮ ಆದಾಯದ ದೇಶಗಳಲ್ಲಿದ್ದಾರೆ. ಆ ಹುಡುಗನ ಗೆರೆಗೂ ಈ ಅಂಕಿಗೂ ನಡುವೆ ಒಂದು ಕಂದಕವಿದೆ. ಹಲ್ಲು ನೋವಿರುವವರೆಲ್ಲ ಗಿರಾಕಿಗಳಲ್ಲ. ನೋವೂ ಇದ್ದು ದುಡ್ಡೂ ಇದ್ದವರು ಮಾತ್ರ ಗಿರಾಕಿಗಳು. ಉಳಿದವರು ಯಾವ ಗೆರೆಯಲ್ಲೂ ಬರುವುದಿಲ್ಲ.

ಹಾಗಾದರೆ ಉಳಿದವರಿಗೆ ದಾನವೇ ದಾರಿ ಎನ್ನುತ್ತೀರಾ? ಇಲ್ಲೇ ನನಗೆ ದೊಡ್ಡ ತಕರಾರು ಇರುವುದು. ಉಚಿತ ದಂತ ಶಿಬಿರಗಳಲ್ಲಿ ನಾನು ಕೆಲಸ ಮಾಡಿದ್ದೇನೆ, ಮಾಡುತ್ತಲೂ ಇದ್ದೇನೆ. ಶಾಲೆಯ ಕೋಣೆ, ಪ್ಲಾಸ್ಟಿಕ್ ಕುರ್ಚಿ, ಕಿಟಕಿಯ ಬೆಳಕು. ಮಧ್ಯಾಹ್ನದೊಳಗೆ ಬಕೆಟ್ಟಿನಲ್ಲಿ ರಾಶಿ ಹಲ್ಲು. ಶಿಬಿರದಲ್ಲಿ ಕೀಳುವುದು ಬಿಟ್ಟರೆ ಬೇರೆ ಹೆಚ್ಚೇನೂ ಮಾಡಲಾಗದು, ಹಾಗಾಗಿ ಎಲ್ಲರಿಗೂ ಕೀಳುತ್ತೇವೆ. ಮರುದಿನ ಕ್ಲಿನಿಕ್ಕಿನಲ್ಲಿ, ಅಂಥದೇ ಹುಳುಕು ಹಲ್ಲನ್ನು ಅಂಗಡಿ ಸಾಹುಕಾರರ ಬಾಯಲ್ಲಿ ಒಂದೂವರೆ ತಾಸು ಕೂತು ಉಳಿಸುತ್ತೇನೆ. ನಮ್ಮ ಕಡೆಯ ಮಠಗಳಲ್ಲಿ ದಾಸೋಹದ ಪಂಕ್ತಿ ನಡೆಯುವುದನ್ನು ನೋಡಿದವರಿಗೆ ಗೊತ್ತು. ಹಾವೇರಿಯ ಹುಕ್ಕೇರಿಮಠದಲ್ಲಾಗಲಿ, ಯಾವುದೇ ಸಣ್ಣ ಮಠದ ಜಾತ್ರೆಯಲ್ಲಾಗಲಿ, ಪಂಕ್ತಿಯಲ್ಲಿ ಕೂತವನ ಜೇಬು ನೋಡಿ ಯಾರೂ ಬಡಿಸುವುದಿಲ್ಲ. ಗೋಧಿ ಹುಗ್ಗಿಯಾದರೆ ಎಲ್ಲರಿಗೂ ಗೋಧಿ ಹುಗ್ಗಿ. ಬಡವನಿಗೆ ಬೇರೆ, ಸಾಹುಕಾರನಿಗೆ ಬೇರೆ ಬಡಿಸಿದರೆ ಅದು ಪಂಕ್ತಿಭೇದ, ಪಾಪ. ನಮ್ಮ ಶಿಬಿರಗಳಲ್ಲಿ ಆಗುತ್ತಿರುವುದು ಪಂಕ್ತಿಭೇದವೇ. ದುಡ್ಡಿದ್ದವನ ಹಲ್ಲು ಉಳಿಯುತ್ತದೆ, ಇಲ್ಲದವನದು ಬಕೆಟ್ಟಿಗೆ ಬೀಳುತ್ತದೆ, ಮೇಲೆ ಶಾಲು ಹೊದಿಸಿ ನಮಗೆ ಸನ್ಮಾನ. ದೇಹವನ್ನೇ ದೇಗುಲವೆಂದು ಕಂಡ ಪರಂಪರೆ ನಮ್ಮದು. ಬಡವನ ದೇಗುಲದ ಕಂಬವನ್ನು ಕಿತ್ತು ಹಾಕುವುದನ್ನು ಧರ್ಮಕಾರ್ಯ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಶಿಬಿರ ಬೇಡವೆಂದು ಹೇಳುತ್ತಿಲ್ಲ. ಕೀವು ತುಂಬಿದ ಹಲ್ಲಿಗೆ ಇವತ್ತೇ ಬಿಡುಗಡೆ ಬೇಕು. ಆದರೆ ಅದನ್ನು ದಾಸೋಹ ಎನ್ನಬೇಕಾದರೆ ಉಳಿಸಬಹುದಾದ ಹಲ್ಲನ್ನು ಉಳಿಸುವ ವ್ಯವಸ್ಥೆಯೂ ಅದರೊಳಗೆ ಇರಬೇಕು.

ಮೆಡ್ಲೇರಿ ಕಡೆಯ ಮುದುಕಿಯೊಬ್ಬಳು ಮೊಮ್ಮಗಳ ಜೊತೆ ಬಂದಿದ್ದಳು. ನೋವು ಮೊಮ್ಮಗಳದು. ಅಜ್ಜಿಯ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಹಲ್ಲಿನ ಸೆಟ್ ಹಾಕಿಸಿಕೊಳ್ಳಬಾರದೇಕೆ ಎಂದು ಕೇಳಿದೆ. 'ಹಲ್ಲು ಹ್ವಾದುವು ಅಂದ್ರ ಶಿವ ಇನ್ನ ಸಾಕು ಅಂದಾನ ಯವ್ವಾ. ಇನ್ನೇನ್ ತಿನ್ನೂದೈತಿ, ಅಂಬಲಿ ಕುಡೀತೀನಿ' ಎಂದಳು. ಈ ಮಾತು ಕೇಳಿ ಸುಮ್ಮನಾಗುವುದು ಸುಲಭ. ನಮ್ಮ ಹಿರಿಯರ ವೈರಾಗ್ಯವನ್ನು ಕೊಂಡಾಡಿ ಒಂದು ಲೇಖನವನ್ನೇ ಬರೆದುಬಿಡಬಹುದು: ಆಸೆಗಳು ಒಂದೊಂದೇ ಕಳಚುವುದು ಹೇಗೆ, ನಾಲಿಗೆಯ ಚಪಲ ಕೊನೆಗೆ ಬಿಡುವುದು ಹೇಗೆ. ನಾನು ಅವಳನ್ನು ಇನ್ನಷ್ಟು ಕೇಳಿದೆ. ರೊಟ್ಟಿ ತಿನ್ನುವ ಆಸೆ ಇದೆಯೋ ಇಲ್ಲವೋ ಎಂದು. 'ಆಸೇಕ ಏನ ಕಮ್ಮಿ, ಖಡಕ ರೊಟ್ಟಿ ಸಪ್ಪಳ ಕೇಳಿದ್ರ ಎದ್ದ ಹೊರಗ ಹೋಗ್ತೀನಿ' ಎಂದಳು. ಎದ್ದು ಹೊರಗೆ ಹೋಗುವುದು ವೈರಾಗ್ಯವಲ್ಲ. ಬಡತನ ಆಡಿಸುವ ಮಾತನ್ನು ವೈರಾಗ್ಯವೆಂದು ಕೇಳಿಸಿಕೊಳ್ಳುವುದು ಉಳ್ಳವರಿಗೆ ಬಹಳ ಅನುಕೂಲದ ಧರ್ಮ. ಬಿಡುವುದಕ್ಕೆ ಮೊದಲು ಕೈಯಲ್ಲಿ ಇರಬೇಕು. ಇಲ್ಲದ್ದನ್ನು ಯಾರೂ ತ್ಯಾಗ ಮಾಡಲಾರರು. ಹಲ್ಲೆಲ್ಲ ಕಳೆದುಕೊಂಡ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ದಂತಭಾಗ್ಯ ಯೋಜನೆಯನ್ನು ನಮ್ಮ ರಾಜ್ಯ ತಂದಾಗ ನನಗೆ ಅದು ಬರೀ ಆರೋಗ್ಯದ ಯೋಜನೆಯಾಗಿ ಕಾಣಲಿಲ್ಲ. ಮುದುಕರ ಆಸೆಗೂ ಮಾನವಿದೆ ಎಂದು ಸರ್ಕಾರ ಒಪ್ಪಿಕೊಂಡ ಹಾಗಿತ್ತು.

ಆಸೆಯಿದ್ದೂ ತಿನ್ನಲಾಗದ ಈ ಸ್ಥಿತಿಯ ಇನ್ನೊಂದು ಮುಖ ಬ್ಯಾಡಗಿಯಲ್ಲಿದೆ. ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆಯ ದಿನ. ಸುಗ್ಗಿಯಲ್ಲಿ ಆ ಊರಿಗೆ ಹೋದರೆ ಕಣ್ಣು ಮೂಗು ಎರಡೂ ಹೇಳುತ್ತವೆ ಎಲ್ಲಿದ್ದೀರಿ ಎಂದು. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು, ಅದರ ಬಣ್ಣದ ಸತ್ವ ಲಿಪ್‌ಸ್ಟಿಕ್ಕಿನವರೆಗೂ ಹೋಗುತ್ತದೆ. ಆ ಊರಿನ ಜೇಬಿನ ಲೆಕ್ಕವೇ ಕಾಯಿಯ ದರದ ಮೇಲೆ ನಿಂತಿದೆ. ದರ ಏರಿದ ವರ್ಷ ಹಲ್ಲು ಕಟ್ಟಿಸುವವರು ಬರುತ್ತಾರೆ. 2024ರ ಮಾರ್ಚಿನಲ್ಲಿ ದರ ಕುಸಿದು ಮಾರುಕಟ್ಟೆಯಲ್ಲಿ ಬೆಂಕಿ ಬಿದ್ದಿತಲ್ಲ, ಅಂಥ ಹೊತ್ತಿನಲ್ಲಿ 'ಮುಂದಿನ ಪೀಕಿಗೆ ನೋಡೂಣ್ರಿ' ಎಂಬ ಮಾತು ಬರುತ್ತದೆ. ಅಲ್ಲಿ ಚೀಲ ಹೊರುವ ಹಮಾಲಿ ಹುಡುಗನೊಬ್ಬ, ಇಪ್ಪತ್ತಾರೋ ಇಪ್ಪತ್ತೇಳೋ, ನನ್ನ ಬಳಿ ಬಂದು 'ಬಾಯಿ ತಗ್ಯಾಕ ಬರವಲ್ದ್ರಿ, ಖಾರ ತಿಂದ್ರ ಬೆಂಕಿ ಹಚ್ಚಿದಂಗ ಆಕ್ಕೈತಿ' ಎಂದ. ಎರಡು ಬೆರಳು ಒಳಗೆ ಹೋಗುವಷ್ಟೂ ಬಾಯಿ ತೆರೆಯುತ್ತಿರಲಿಲ್ಲ. ಕೆನ್ನೆಯ ಒಳಪದರ ಬಿಳಿಚಿ ಹಗ್ಗದಂತೆ ಬಿಗಿದಿತ್ತು. ಅಡಿಕೆಯಿಂದ ಬರುವ ರೋಗ ಅದು. ಹೀಗೆ ಬಿಗಿದದ್ದು ಮೊದಲಿನ ಹಾಗೆ ಸಡಿಲವಾಗುವುದಿಲ್ಲ, ಕೆಲವರಲ್ಲಿ ಮುಂದೆ ಕ್ಯಾನ್ಸರ್ ಆಗುತ್ತದೆ. ಮೆಣಸಿನಕಾಯಿಯ ರಾಜಧಾನಿಯಲ್ಲಿ, ದಿನವಿಡೀ ಮೆಣಸಿನಕಾಯಿ ಹೊತ್ತು, ಮನೆಯಲ್ಲಿ ಸಪ್ಪೆ ಅನ್ನ ಕಲಸಿಕೊಂಡು ಉಣ್ಣುತ್ತಿದ್ದ.

ಅಡಿಕೆ ಎಂದ ಕೂಡಲೇ ನಮ್ಮಲ್ಲಿ ಮಾತು ನಿಲ್ಲುತ್ತದೆ, ಯಾಕೆಂದರೆ ಅದು ದೇವರ ಮುಂದಿನ ವಸ್ತು. ಎಲೆ ಅಡಿಕೆಯಿಲ್ಲದೆ ನಿಶ್ಚಯವಿಲ್ಲ, ಮದುವೆಯಿಲ್ಲ, ಕರೆಯೋಲೆಯಿಲ್ಲ. ನಾನೂ ಮನೆಗೆ ಬಂದ ಮುತ್ತೈದೆಯರಿಗೆ ಎಲೆ ಅಡಿಕೆ ಕೊಡುತ್ತೇನೆ. ಪೂಜೆಗೆ ಇಡುವ ಅಡಿಕೆ ಬೇರೆ, ಎದ್ದಾಗಿನಿಂದ ಮಲಗುವವರೆಗೆ ಕೆನ್ನೆಯಲ್ಲಿ ಇಟ್ಟುಕೊಳ್ಳುವ ಪುಡಿಕೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು 2004ರಲ್ಲೇ ಪ್ರಕಟಿಸಿದೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಮಾರುವವರು ಅಡಿಕೆ ಒಂದು ಪುಡಿಕೆ, ತಂಬಾಕು ಇನ್ನೊಂದು ಪುಡಿಕೆ ಮಾಡಿದರು. ಕೊಂಡವನು ಅಂಗೈಯಲ್ಲಿ ಕೂಡಿಸಿಕೊಳ್ಳುತ್ತಾನೆ. ಇದನ್ನು ತಿಂದ ಬಾಯಿ ನನ್ನ ಕುರ್ಚಿಗೆ ಬರುತ್ತದೆ, ಇಂಪ್ಲಾಂಟ್ ಮಾರುವ ಹುಡುಗನ ಗೆರೆಯಲ್ಲಿ ಇದೂ ಬೆಳವಣಿಗೆಯ ಒಂದು ಕಾರಣ. ಪುಡಿಕೆ ಮಾರುವುದೂ ಮಾರುಕಟ್ಟೆ, ಅದು ಕೆಡಿಸಿದ ಬಾಯನ್ನು ರಿಪೇರಿ ಮಾಡುವುದೂ ಮಾರುಕಟ್ಟೆ. ಎರಡರ ಲಾಭವನ್ನೂ ಕೂಡಿಸಿ ನಾಡು ಮುಂದುವರಿಯಿತು ಎನ್ನುವ ಲೆಕ್ಕ ಅಧರ್ಮದ ಲೆಕ್ಕ. ಅದರ ಒಂದು ತುದಿಯಲ್ಲಿ ಕೂತು ಉಣ್ಣುವ ನಾನು ಇನ್ನೊಂದು ತುದಿಯ ಬಗ್ಗೆ ಬಾಯಿ ಮುಚ್ಚಿಕೊಂಡಿದ್ದರೆ ಹೊಳೆ ಅಗಲವಾಗಲಿ ಎಂದು ಬೇಡಿಕೊಂಡ ಹಾಗೆಯೇ ಆಯಿತು.

ಹೊಳೆಯನ್ನು ಕಿರಿದು ಮಾಡುವ ದಾರಿಯೂ ಇದೆ. ಹುಳುಕನ್ನು ಅಲ್ಲೇ ತಡೆಯುವ ಒಂದು ಔಷಧಿ ಇದೆ, ಸಿಲ್ವರ್ ಡೈಅಮೈನ್ ಫ್ಲೋರೈಡ್. ಪುಟ್ಟ ಕುಂಚವನ್ನು ಒಂದು ಹನಿಯಲ್ಲಿ ಅದ್ದಿ ಹುಳುಕಿನ ಮೇಲೆ ಹಚ್ಚುವುದು, ಅಷ್ಟೇ. ಕರೆಂಟು ಬೇಡ, ಡ್ರಿಲ್ ಬೇಡ, ಸೂಜಿ ಬೇಡ, ಮಗು ಅಳುವುದಿಲ್ಲ. ಹಚ್ಚಿದ ಜಾಗ ಕಪ್ಪಾಗುತ್ತದೆ, ಅದೇ ಅದರ ಮುಖ್ಯ ಕೊರತೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು, ಫ್ಲೋರೈಡ್ ಟೂತ್‌ಪೇಸ್ಟನ್ನು, ಕೈಯಿಂದಲೇ ತುಂಬಬಹುದಾದ ಗ್ಲಾಸ್ ಅಯಾನೊಮರ್ ಸಿಮೆಂಟನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಾನು ಶಾಲೆಗಳಿಗೆ ಹೋಗುವಾಗ ಚೀಲದಲ್ಲಿ ಇವೇ ಇರುತ್ತವೆ. ಇಂಪ್ಲಾಂಟಿನ ಬಗ್ಗೆ ಹೇಳಲು ನನ್ನ ಬಾಗಿಲಿಗೆ ಬರುವವರು ಬಹಳ, ಹಲ್ಲು ಬೆಳ್ಳಗಾಗಿಸುವ ಯಂತ್ರ ಹಿಡಿದು ಬರುವವರು ಬಹಳ. ಈ ಹನಿಯ ಬಗ್ಗೆ ಹೇಳಲು ಈವರೆಗೆ ಯಾರೂ ಬಂದಿಲ್ಲ. ಅದರಲ್ಲಿ ಯಾರಿಗೂ ದೊಡ್ಡ ಲಾಭವಿಲ್ಲ. ಬಡ ಜಿಲ್ಲೆಗೆ ಯಾವುದು ಅತಿ ಹೆಚ್ಚು ಬೇಕೋ ಅದನ್ನು ಹೊತ್ತು ತರುವ ಕಾಲು ಮಾರುಕಟ್ಟೆಗಿಲ್ಲ. ಆ ಹೊರೆಯನ್ನು ತಾಲ್ಲೂಕು ಆಸ್ಪತ್ರೆಗಳು, ಶಾಲೆಗಳು, ನಮ್ಮಂಥವರ ಆತ್ಮಸಾಕ್ಷಿ ಹೊರಬೇಕು.

ಸಹೋದ್ಯೋಗಿಗಳು ನನ್ನನ್ನು ಕೇಳುತ್ತಾರೆ: ಹುಳುಕೇ ಬರದ ಹಾಗೆ ಮಾಡಿದರೆ ಬ್ಯಾಂಕಿನ ಕಂತು ಕಟ್ಟುವುದು ಹೇಗೆ? ನ್ಯಾಯವಾದ ಪ್ರಶ್ನೆ. ಸಾಲದ ಹೊರೆ ಹೊತ್ತ ಯುವ ವೈದ್ಯರಿಗೆ ತತ್ತ್ವ ಹೇಳಿ ಎದ್ದು ಬರುವವಳು ನಾನಲ್ಲ. ಆದರೆ ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮೆಲ್ಲರಿಗೂ ಗೊತ್ತು. ಗಂಡ ಮಾರಯ್ಯ ಅಂದಿಗೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿದ್ದನ್ನು ತಂದಲ್ಲಿಗೇ ಸುರಿದು ಬಾ ಎಂದು ಕಳಿಸಿದವಳು ಅವಳು. ಬಡವಿ ಆಡಿದ ಮಾತು ಅದು. ತನ್ನ ಹೊಟ್ಟೆಯ ಲೆಕ್ಕವನ್ನು ತಾನೇ ಇಟ್ಟುಕೊಂಡವಳ ಮಾತು. ನಾವು ಅಷ್ಟು ಎತ್ತರಕ್ಕೆ ಏರಲಾರೆವು, ಒಪ್ಪುತ್ತೇನೆ. ಆದರೂ ಸಾಕು ಎಂಬ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬ ಪ್ರಶ್ನೆಯನ್ನಾದರೂ ಕೇಳಿಕೊಳ್ಳಬಹುದು. ಗಟ್ಟಿಯಾಗಿರುವ ಹಲ್ಲಿಗೆ ಕ್ಯಾಪ್ ಬೇಕೆಂದು ಹೇಳದಿದ್ದರೆ ಯಾರ ಕ್ಲಿನಿಕ್ಕೂ ಮುಚ್ಚುವುದಿಲ್ಲ. ಮುಂದಿನ ಪೀಕಿಗೆ ಕೊಡುತ್ತೇನೆ ಎಂದ ರೈತನಿಗೆ ಉದ್ರಿ ಬರೆದುಕೊಂಡರೂ ಮುಚ್ಚುವುದಿಲ್ಲ. ನಾನು ಬರೆದುಕೊಳ್ಳುತ್ತೇನೆ. ತಡವಾದರೂ ತಂದುಕೊಡುತ್ತಾರೆ. ಮಳೆ ಕೈಕೊಟ್ಟ ವರ್ಷ ತಂದುಕೊಡದಿದ್ದರೆ ಅದನ್ನು ನಾನು ನಷ್ಟವೆಂದು ಬರೆಯುವುದಿಲ್ಲ. ಇನ್ನು ಹುಳುಕು ಪೂರ್ತಿ ಇಲ್ಲವಾಗಿ ದಂತ ವೈದ್ಯರು ಬೇಡವಾಗುವ ದಿನ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬರಲಾರದು. ಬಂದರೆ ಬರಲಿ. ಸೇತುವೆಯ ಮೇಲೆ ನಡೆದುಹೋಗುವ ಜನರನ್ನು ಕಂಡು ಸಂಕಟಪಡುವವನು ಒಳ್ಳೆಯ ಅಂಬಿಗನಲ್ಲ.

ಓದುಗರಲ್ಲಿ ಒಂದು ಕೇಳಿಕೆ. ನಿಮ್ಮ ಮನೆಯಲ್ಲಿ ಆರು ವರ್ಷದ ಆಸುಪಾಸಿನ ಮಗುವಿದ್ದರೆ ಬೆಳಕಿನ ಕಡೆ ಕೂರಿಸಿ ಬಾಯಿ ತೆರೆಸಿ ನೋಡಿ. ಹಾಲು ಹಲ್ಲುಗಳ ಹಿಂದೆ, ದವಡೆಯ ತುದಿಯಲ್ಲಿ, ಹೊಸದೊಂದು ದೊಡ್ಡ ಹಲ್ಲು ಬಂದಿರುತ್ತದೆ. ಅದು ಬರುವಾಗ ಯಾವ ಹಲ್ಲೂ ಬೀಳುವುದಿಲ್ಲ, ಹಾಗಾಗಿ ಹೆಚ್ಚಿನ ತಂದೆತಾಯಿ ಅದನ್ನೂ ಹಾಲು ಹಲ್ಲೆಂದೇ ತಿಳಿದು, ಬಿದ್ದು ಹೋಗುವುದು ತಾನೇ ಎಂದು ಬಿಟ್ಟುಬಿಡುತ್ತಾರೆ. ಅದು ಬಾಳಿನುದ್ದಕ್ಕೂ ಇರಬೇಕಾದ ಹಲ್ಲು. ನಾನು ಕಿತ್ತ ಹಲ್ಲುಗಳಲ್ಲಿ ಹೆಚ್ಚಿನವು ಅವೇ. ರಾತ್ರಿ ಮಲಗುವ ಮುಂಚೆ ಫ್ಲೋರೈಡ್ ಇರುವ ಪೇಸ್ಟನ್ನು ಬಟಾಣಿ ಕಾಳಿನಷ್ಟು ಹಾಕಿ ನೀವೇ ತಿಕ್ಕಿಸಿ, ಆಮೇಲೆ ಬಿಸ್ಕಿಟ್ಟು, ಸಕ್ಕರೆ ಹಾಲು ಕೊಡಬೇಡಿ. ಆ ಹಲ್ಲಿನ ಮೇಲೆ ಕಪ್ಪು ಚುಕ್ಕೆ ಕಂಡರೆ ನೋವು ಬರುವವರೆಗೆ ಕಾಯದೆ ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಅಲ್ಲಿ ಕೀಳುವ ವ್ಯವಸ್ಥೆ ಮಾತ್ರ ಇದೆ ಎಂದರೆ, ಉಳಿಸುವ ವ್ಯವಸ್ಥೆಯೂ ಬೇಕೆಂದು ನಿಮ್ಮ ಪಂಚಾಯಿತಿ ಸದಸ್ಯರಿಂದ ಶಾಸಕರವರೆಗೆ ಎಲ್ಲರನ್ನೂ ಕೇಳಿ.